ಲೆಕ್ಕಕ್ಕೆ ಸಿಗದ ನಾಲ್ಕನೆಯವಳು

ನರ್ಸು ಬಾಗಿಲಲ್ಲೇ ಚಪ್ಪಲಿ ಬಿಟ್ಟಳು. ಒಂದು ಕಾಲನ್ನು ಒಳಗಿಟ್ಟವಳು ಥಟ್ಟನೆ ಹಿಂದಕ್ಕೆಳೆದುಕೊಂಡಳು.

"ಇದೇ ನೆಲ," ಎಂದಳು.

"ಪೂರ್ತಿ ಒಳಗೆ ಬಂದು, ಸರಿಯಾಗಿ ನೋಡಿ ಹೇಳಿ. ಅವಸರ ಏನಿಲ್ಲ."

"ನೋಡೋದೇನು ಮೇಡಂ? ಅವತ್ತು ಇಲ್ಲಿಗೆ ತರುವಾಗ ಕಣ್ಣಿಗೆ ಬಟ್ಟೆ ಕಟ್ಟಿದ್ರು. ಕಾಲಿಗೆ ಕಟ್ಟಿರ್ಲಿಲ್ಲ."

ಅದು ಸರ್ಕಾರಿ ಆಟದ ಮನೆ. ಶಟಲ್ ಆಡುವವರಿಗೆಂದು ಮರದ ಹಲಗೆ ಹಾಸಿದ ನೆಲ. ಹೆಜ್ಜೆಯಿಟ್ಟರೆ ತುಸು ಜಗ್ಗಿ ಮತ್ತೆ ಮೇಲೇಳುತ್ತಿತ್ತು. ಅಂಥ ನೆಲ ಊರಿನ ಯಾವ ಠಾಣೆಯಲ್ಲೂ ಇರಲಿಲ್ಲ. ಆದರೆ ಪೊಲೀಸರು ಹೇಳಿದ್ದು ಬೇರೆ: ಮೆರವಣಿಗೆಯಲ್ಲಿ ಹಿಡಿದ ನರ್ಸುಗಳನ್ನು ಬೆಳಗಾಗುವವರೆಗೆ ಠಾಣೆಯ ಮಹಿಳಾ ಕೊಠಡಿಯಲ್ಲೇ ಇಟ್ಟಿದ್ದೆವು, ಅವರ ಕೂದಲೂ ಕೊಂಕಲಿಲ್ಲ.

ಆ ನರ್ಸುಗಳು ಬೀದಿಗಿಳಿದು ಕೇಳಿದ್ದಾದರೂ ಏನು? ಆಸ್ಪತ್ರೆಯ ರಾತ್ರಿ ಪಾಳಿಯ ಕೋಣೆಗೆ, ಒಳಗಿನಿಂದ ಹಾಕಿಕೊಳ್ಳುವ ಒಂದು ಚಿಲಕ.

ಪ್ರಶ್ನೆ ಕೇಳುತ್ತಿದ್ದ ಸೂಜಿ ತಾನೂ ಆ ನೆಲದ ಮೇಲೆ ಒಂದೆರಡು ಹೆಜ್ಜೆ ಹಾಕಿ ನೋಡಿದಳು. ಆಕೆ ವಿಚಾರಣಾ ಆಯೋಗ ಈ ತನಿಖೆಗೆಂದು ಪೊಲೀಸ್ ಇಲಾಖೆಯಿಂದ ಎರವಲು ಪಡೆದ ಇನ್‌ಸ್ಪೆಕ್ಟರ್. ತೆಳ್ಳನೆಯ ಆಳು, ಚುಚ್ಚುವ ಮಾತು. ಸಹೋದ್ಯೋಗಿಗಳು ಬೆನ್ನ ಹಿಂದೆ ಇಟ್ಟ 'ಸೂಜಿ' ಎಂಬ ಅಡ್ಡಹೆಸರು ಎದುರಿಗೂ ಬಂದು ನಿಂತು ಎಷ್ಟೋ ಕಾಲವಾಗಿತ್ತು. ಈಗ ಫೋನೆತ್ತಿದರೆ ಆಕೆಯೇ "ಸೂಜಿ ಮಾತಾಡ್ತಿದೀನಿ" ಎನ್ನುತ್ತಿದ್ದಳು.

ನರ್ಸಿನ ಹಿಂದೆ ಅವಳ ಅತ್ತೆ ನಿಂತಿದ್ದಳು. ಸೊಸೆಯ ಚಪ್ಪಲಿಗಳನ್ನು ಎತ್ತಿ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಅವನ್ನ ಅಲ್ಲೇ ಬಿಡಿ ಅತ್ತೆ," ಎಂದಳು ನರ್ಸು.

"ಇರ್ಲಿ ಬಿಡೇ. ಯಾರಾದ್ರೂ ಎದುರಿಗೆ ಬಂದ್ರೆ ಉಪಯೋಗಕ್ಕೆ ಬರುತ್ತೆ."

ಬಾಗಿಲು ತೆಗೆದುಕೊಟ್ಟ ಆಟದ ಮಾಸ್ತರು ಆ ಮಾತು ತನಗೇ ಎಂದುಕೊಂಡು ಎರಡು ಹೆಜ್ಜೆ ಹಿಂದೆ ಸರಿದ.

ಆಟದ ಮನೆಯ ಕೊನೆಯಲ್ಲಿ ಆಟಗಾರರು ಬಟ್ಟೆ ಬದಲಿಸುವ ಕೋಣೆ. ನರ್ಸು ಯಾರೂ ತೋರಿಸದೆಯೇ ಅತ್ತ ನಡೆದಳು. ಗೋಡೆಯುದ್ದಕ್ಕೂ ಸಿಮೆಂಟಿನ ಕಟ್ಟೆ, ಮೇಲೆ ಸಾಲಾಗಿ ಕೊಕ್ಕೆಗಳು, ಮೂಲೆಯಲ್ಲಿ ನಲ್ಲಿ. ಬಾಗಿಲಿಗೆ ಒಳಗಡೆ ಚಿಲಕದ ಗುರುತು ಮಾತ್ರ ಇತ್ತು, ಚಿಲಕ ಇರಲಿಲ್ಲ. ತಿರುಪು ಬಿಚ್ಚಿದ ತೂತುಗಳು ಹೊಸದಾಗಿ ಬೆಳ್ಳಗೆ ಕಾಣುತ್ತಿದ್ದವು.

"ಬಟ್ಟೆ ಬಿಚ್ಚಿದ್ದು ಇಲ್ಲಿಗೆ ಬಂದ್ಮೇಲೆ," ಎಂದವಳು ಸೂಜಿಯ ಮುಖ ನೋಡಿ, "ಕಣ್ಣಿನ ಬಟ್ಟೆ," ಎಂದು ಸೇರಿಸಿದಳು. ಅಷ್ಟು ಹೇಳಲು ಅವಳಿಗೆ ಗೋಡೆ ಹಿಡಿಯಬೇಕಾಯಿತು. "ಬಿಚ್ಚಿದ್ರೂ ಏನೂ ಕಾಣ್ತಿರ್ಲಿಲ್ಲ. ಕಿಟಕಿಯೆಲ್ಲ ಕಪ್ಪು. ದೀಪ ಆರಿಸಿಬಿಟ್ರೆ ಯಾರು ಬಂದ್ರು, ಯಾರು ಹೋದ್ರು, ಒಂದೂ ಗೊತ್ತಾಗ್ತಿರ್ಲಿಲ್ಲ. ಮುಖ ಗುರುತಿಸ್ತೀಯಾ ಅಂತ ಠಾಣೆಯಲ್ಲಿ ಕೇಳಿ ಕೇಳಿ ನಗ್ತಾರಲ್ಲ, ಅದಕ್ಕೇ ಕಪ್ಪು ಬಳಿದಿದ್ದು."

ಈಗ ಕಿಟಕಿಯ ಗಾಜುಗಳು ಫಳಫಳ ಹೊಳೆಯುತ್ತಿದ್ದವು. ಮಧ್ಯಾಹ್ನದ ಬಿಸಿಲು ನೇರ ಒಳಗೆ ಬೀಳುತ್ತಿತ್ತು.

ಸೂಜಿ ಏನೋ ಕೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಹೊರಗಿನ ಮೈದಾನದಿಂದ ಒಂದು ಶಿಳ್ಳೆ ಕೇಳಿಸಿತು. ಯಾರೋ ಹುಡುಗಿಯರನ್ನು ಓಟಕ್ಕೆ ನಿಲ್ಲಿಸುತ್ತಿದ್ದರು, ಅಷ್ಟೆ. ನರ್ಸು ಕುಕ್ಕರಿಸಿಬಿಟ್ಟಳು. ಮಂಡಿಯ ನಡುವೆ ತಲೆ ಹುದುಗಿಸಿ ಎರಡೂ ಕೈಯಿಂದ ತಲೆ ಮುಚ್ಚಿಕೊಂಡಳು. ಅತ್ತೆ ಪಕ್ಕದಲ್ಲಿ ಕೂತು ಬೆನ್ನು ಸವರಿದಳು.

"ಅವರು ಒಳಗೆ ಬರೋ ಮುಂಚೆ ಶಿಳ್ಳೆ ಹೊಡೀತಿದ್ರು," ಎಂದಳು ನರ್ಸು ತಲೆ ಎತ್ತದೆ. "ಕೇಳಿದ ತಕ್ಷಣ ನಾವು ಮೂವರೂ ಹೀಗೇ ಮುದುಡಿಕೊಳ್ತಿದ್ವಿ. ಅವಳೊಬ್ಬಳು ಮಾತ್ರ ಎದ್ದು ನಿಂತುಬಿಡ್ತಿದ್ಲು."

"ಅವಳು ಯಾರು?"

"ನಾಲ್ಕನೆಯವಳು. ಹೆಸರು ಹೇಳ್ಲಿಲ್ಲ. ನಮ್ಮ ಆಸ್ಪತ್ರೆಯವಳಲ್ಲ. ಮೊದಮೊದಲು ನಮಗೇ ಧೈರ್ಯ ಹೇಳ್ತಿದ್ಲು, ಬೆಳಗಾದ್ರೆ ಎಲ್ಲಾ ಸರಿಹೋಗುತ್ತೆ ಅಂತ. ಆಮೇಲೆ ಒಂದು ಸಲ ಅವಳನ್ನ ಹೊರಗೆ ಕರೆದ್ರು. ವಾಪಸ್ ಬಂದ ಮೇಲೆ ಮಾತೇ ನಿಂತುಹೋಯ್ತು."

"ಎದ್ದು ಹೇಗೆ ನಿಲ್ತಿದ್ಲು? ಓಡಿಹೋಗೋಕೆ ನೋಡ್ತಿದ್ಲಾ?"

"ಇಲ್ಲ ಮೇಡಂ. ನೆಟ್ಟಗೆ. ಹಿಮ್ಮಡಿ ಎರಡೂ ಒಂದಕ್ಕೊಂದು ತಾಗೋ ಸದ್ದು ಕೇಳಿಸ್ತಿತ್ತು. ಅವಳಿಗೇ ಗೊತ್ತಿಲ್ಲದೆ ನಿಲ್ತಿದ್ಲು ಅನ್ಸುತ್ತೆ."

ಠಾಣೆಯವರು ಹೇಳಿದ್ದು ಮೂವರು ಹೆಂಗಸರನ್ನು ಹಿಡಿದೆವೆಂದು. ಉಳಿದಿಬ್ಬರು ನರ್ಸುಗಳು ಭಯಕ್ಕೆ ಬಾಯಿಯೇ ಬಿಟ್ಟಿರಲಿಲ್ಲ. ಶಿಳ್ಳೆಗೆ ಹಿಮ್ಮಡಿ ಜೋಡಿಸುವ ಕಾಲುಗಳು ಎಲ್ಲಿ ತಯಾರಾಗುತ್ತವೆಂದು ಆಕೆಗೆ ಯಾರೂ ಹೇಳಬೇಕಾಗಿರಲಿಲ್ಲ. ಆಕೆಯ ಕಾಲೂ ಅಲ್ಲೇ ತಯಾರಾಗಿತ್ತು.

ಆಕೆ ಕಿಟಕಿಯ ಹತ್ತಿರ ಹೋದಳು. ಚೌಕಟ್ಟಿನ ಮರ ಹಳೆಯದು, ಗಾಜು ಹೊಸದು. ಗಾಜನ್ನು ಕೂರಿಸಿದ ಲಪ್ಪದ ಅಂಟಿನ ಮೇಲೆ ಉಗುರು ಒತ್ತಿದಳು. ಉಗುರು ಒಳಗಿಳಿಯಿತು. ಇನ್ನೂ ಒಣಗಿರಲಿಲ್ಲ.

"ಮಾಸ್ತರೇ, ಗಾಜು ಯಾವಾಗ ಹಾಕಿಸಿದ್ದು?"

"ನಂಗೊತ್ತಿಲ್ಲ ಮೇಡಂ. ನಾನು ಬರೀ ಆಟ ಹೇಳಿಕೊಡೋನು."

"ಹೌದಾ? ಹಾಗಾದ್ರೆ ಆಟದ ವಿಷಯವೇ ಕೇಳ್ತೀನಿ. ಮೆರವಣಿಗೆ ದಿನ ಮಕ್ಕಳಿಗೆ ಆಟ ಇತ್ತಾ?"

ಮಾಸ್ತರು ಬಾಗಿಲ ಕಡೆ ನೋಡಿದ. ಆಮೇಲೆ ಗೋಡೆಗೊರಗಿ ಕೂತಿದ್ದ ನರ್ಸಿನ ಕಡೆ ನೋಡಿದ.

"ಹಿಂದಿನ ದಿನವೇ ರಜಾ ಕೊಡು ಅಂತ ಫೋನ್ ಬಂತು. ಕೀ ತಗೊಂಡು ಹೋದ್ರು. ಮರೆತ ಕೊಡೆ ತರೋಕೆ ಅಂತ ನಾನು ಸಂಜೆ ಬಂದ್ರೆ, ಸರ್ಕಾರಿ ಪೇಂಟರ್‌ಗಳು ಗಾಜಿಗೆ ಕಪ್ಪು ಬಳೀತಿದ್ರು. ಯಾಕಪ್ಪಾ ಅಂದೆ. ಸಿನಿಮಾ ತೋರಿಸ್ತಾರಂತೆ ಅಂದ್ರು."

"ಹಿಂದಿನ ದಿನ?" ಸೂಜಿಯ ದನಿ ತಗ್ಗಿತು. "ಸರಿಯಾಗಿ ನೆನಪು ಮಾಡಿಕೊಂಡು ಹೇಳಿ. ಮೆರವಣಿಗೆ ಆದ ಮೇಲೆ ಅಲ್ಲವಲ್ಲ?"

"ಅಲ್ಲ ಮೇಡಂ. ಮಾರನೇ ದಿನ ಮೆರವಣಿಗೆ ನಮ್ಮ ಬೀದಿಯಲ್ಲೇ ಹೋಯ್ತು. ಬಾಲ್ಕನಿಯಲ್ಲಿ ನಿಂತು ನೋಡಿದೀನಿ."

ಕಲ್ಲು ತೂರಿದ್ದರಿಂದ ದಿಢೀರನೆ ಬಂಧಿಸಬೇಕಾಯಿತು, ಗಡಿಬಿಡಿಯಲ್ಲಿ ಏನೋ ಹೆಚ್ಚುಕಮ್ಮಿ ಆಗಿರಬಹುದು ಎಂಬುದು ಸರ್ಕಾರದ ವಾದ. ಆದರೆ ಯಾರೂ ಒಂದು ಕಲ್ಲನ್ನು ಮುಟ್ಟುವ ಮೊದಲೇ, ಮೆರವಣಿಗೆ ಹೊರಡುವ ಮೊದಲೇ, ಯಾರೋ ಕೂತು ಈ ಕೋಣೆಯನ್ನು ಆರಿಸಿದ್ದರು. ಚಿಲಕ ಬಿಚ್ಚಿಸಿದ್ದರು. ಬೆಳಕು ಮುಚ್ಚಿಸಿದ್ದರು.

"ಹಳೇ ಗಾಜು?"

ಮಾಸ್ತರು ಹಿತ್ತಲ ಕಡೆ ಕಣ್ಣು ಹೊರಳಿಸಿದ, ಅಷ್ಟೆ.

ಹಿತ್ತಲಲ್ಲಿ ಹರಿದ ಬಲೆಗಳು, ಮುರಿದ ಬೆಂಚುಗಳ ರಾಶಿ. ಅದರ ಕೆಳಗೆ ಗಾಜಿನ ಚೂರುಗಳಿದ್ದವು, ಎಲ್ಲವೂ ಒಂದು ಮಗ್ಗುಲು ಕಪ್ಪು. ಅಗಲವಾದೊಂದು ಚೂರಿನ ಅಂಚಿನಲ್ಲಿ ಬಣ್ಣವನ್ನು ಯಾರೋ ಕೆರೆದಿದ್ದರು. ಹೆಬ್ಬೆರಳಿನಷ್ಟು ಜಾಗ, ಸುತ್ತಲೂ ಸಣ್ಣ ಸಣ್ಣ ಗೀರು.

ನರ್ಸು ಅದನ್ನು ಕಂಡು ತನ್ನ ತಲೆಗೆ ಕೈ ಹಾಕಿ ಹೇರ್‌ಪಿನ್ನು ಮುಟ್ಟಿಕೊಂಡಳು.

"ಬೆಳಗಾಗಿದ್ಯಾ ಅಂತ ನೋಡೋಕೆ ಕೆರೆದಿದ್ದೆ," ಎಂದಳು.

ಸೂಜಿ ಚೂರನ್ನು ಕರವಸ್ತ್ರದಲ್ಲಿ ಸುತ್ತುತ್ತಿದ್ದಾಗ ಹಿಂದಿನಿಂದ ದನಿ ಬಂತು.

"ಏನಮ್ಮ ಸೂಜಿ, ಗುಜರಿ ವ್ಯಾಪಾರ ಶುರು ಮಾಡಿದ್ಯಾ?"

ನಗರದ ಪೊಲೀಸ್ ಮುಖ್ಯಸ್ಥರು. ಇಲಾಖೆಗೆಲ್ಲ ಸಾಹೇಬರು. ತರಬೇತಿ ಶಾಲೆಯಲ್ಲಿ ಸೂಜಿಗೆ ಪಾಠ ಹೇಳಿದವರು. ಸಮವಸ್ತ್ರ ಇಸ್ತ್ರಿಯ ಗೆರೆ ಮುರಿಯದಂತಿತ್ತು, ಜೊತೆಗೆ ಯಾರೂ ಇರಲಿಲ್ಲ. ಒಬ್ಬರೇ ಬಂದಿದ್ದಾರೆಂದರೆ ಬೇರೆಯವರ ಕಿವಿಗೆ ಬೀಳಬಾರದ ಮಾತಿದೆ ಎಂದರ್ಥ.

ಅತ್ತೆ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಇವರೇನಾ?" ಎಂದು ಸೊಸೆಯನ್ನು ಕೇಳಿದಳು. ಎಡಗೈಯಲ್ಲಿದ್ದ ಚಪ್ಪಲಿ ಬಲಗೈಗೆ ಬಂದಿತ್ತು.

"ಅಮ್ಮಾ, ನೀವಿಬ್ರೂ ಜೀಪಿನ ಹತ್ರ ಇರಿ," ಎಂದಳು ಸೂಜಿ. "ಮಾಸ್ತರೇ, ನೀವೂ ಅವರ ಜೊತೆಗೇ ಇರಿ. ಎಲ್ಲೂ ಹೋಗ್ಬೇಡಿ."

ಅವರು ಹೋದ ಮೇಲೆ ಸಾಹೇಬರು ಮುರಿದ ಬೆಂಚಿನ ಮೇಲೆ ಕರವಸ್ತ್ರ ಹಾಸಿ ಕೂತರು.

"ಇಷ್ಟು ಕಷ್ಟ ಯಾಕೆ ಪಡ್ತೀಯ? ತಪ್ಪು ಮಾಡಿದವನು ಸಿಕ್ಕಿದಾನೆ. ಒಬ್ಬ ಕಾನ್‌ಸ್ಟೇಬಲ್. ಕುಡಿದಿದ್ದ. ಇವತ್ತು ಬೆಳಗ್ಗೆ ಅಮಾನತು ಮಾಡಿ ಒಳಗೆ ಹಾಕಿದೀನಿ, ಒಪ್ಪಿಕೊಂಡೂ ಆಯ್ತು. ನಿನ್ನ ವರದಿಗೆ ಇನ್ನೇನು ಬೇಕು?"

"ಅವನಿಗೆ ಈ ಮನೆಯ ಕೀ ಕೊಟ್ಟಿದ್ದು ಯಾರು ಸಾರ್?"

"ಮಾಸ್ತರನ ಹತ್ರ ಕಿತ್ಕೊಂಡಿರ್ತಾನೆ."

"ಹಿಂದಿನ ದಿನ ಸರ್ಕಾರಿ ಪೇಂಟರ್‌ಗಳನ್ನ ಕರೆಸಿ ಗಾಜಿಗೆ ಕಪ್ಪು ಬಳಿಸಿದ್ದು?"

ಸಾಹೇಬರು ಬೂಟಿನ ತುದಿಯಿಂದ ಕಪ್ಪು ಚೂರೊಂದನ್ನು ರಾಶಿಯ ಕೆಳಗೆ ತಳ್ಳಿದರು.

"ಠಾಣೆ ಡೈರಿ ನೋಡಿದೀನಿ ಸಾರ್. ಡ್ಯೂಟಿಯಲ್ಲಿದ್ದ ಮಹಿಳಾ ಪೊಲೀಸರನ್ನೆಲ್ಲ ಮೆರವಣಿಗೆ ದಿನ ಸಂಜೆ ಮನೆಗೆ ಕಳಿಸಿದ್ದೂ ಅವನೇನಾ? ಆಮೇಲೆ ಹೊಸ ಗಾಜು ಹಾಕಿಸಿದ್ದು? ಭಾರಿ ಕಾನ್‌ಸ್ಟೇಬಲ್ ಸಾರ್ ಅವನು. ನಿಮ್ಮ ಕುರ್ಚಿಗೇ ಲಾಯಕ್ಕು."

"ನಾಲಿಗೆ ಹಿಡಿತದಲ್ಲಿರ್ಲಿ," ಎಂದರು ಸಾಹೇಬರು. ಆದರೆ ಆ ಗದರಿಕೆಯಲ್ಲಿ ಬಲವಿರಲಿಲ್ಲ. "ನಾನು ಯಾರನ್ನೂ ಮುಟ್ಟಿಲ್ಲ ಕಣಮ್ಮ. ಆ ರಾತ್ರಿ ನಾನು ಈ ಕಡೆ ತಲೆನೂ ಹಾಕಿಲ್ಲ. ನಂಗೂ ಹೆಣ್ಮಕ್ಕಳಿದಾರೆ."

"ನೀವು ಮುಟ್ಟಿಲ್ಲ ಸಾರ್. ಮುಟ್ಟೋರಿಗೆ ಕೋಣೆ ಒದಗಿಸಿದ್ರಿ. ತಡೆಯೋರನ್ನ ಮನೆಗೆ ಕಳಿಸಿದ್ರಿ. ಆಮೇಲೆ ಗುರುತು ಅಳಿಸಿದ್ರಿ. ಒಬ್ಬ ಕುಡುಕನ ಕೈಲಿ ಇಷ್ಟೆಲ್ಲ ಆಗಲ್ಲ. ಇದಕ್ಕೆ ಸರ್ಕಾರವೇ ಬೇಕು."

"ಹೆದರಿಸಿ ಕಳಿಸಿ ಅಂತ ಮಾತ್ರ ಇತ್ತು!" ಸಾಹೇಬರು ಎದ್ದು ನಿಂತರು. ಮಾತು ಬಾಯಿಂದ ಜಾರಿತ್ತು. ಅದನ್ನು ಹಿಂದಕ್ಕೆ ನುಂಗುವವರಂತೆ ತುಟಿ ಬಿಗಿದರು.

"ಅಂತ ಯಾರು ಹೇಳಿದ್ರು?"

ಮೈದಾನದಲ್ಲಿ ಹುಡುಗಿಯರು ಕೇಕೆ ಹಾಕುವುದು ಕೇಳಿಸುತ್ತಿತ್ತು. ಸಾಹೇಬರು ಅತ್ತ ಕಿವಿಗೊಟ್ಟವರಂತೆ ನಿಂತರು.

"ಆ ಮೂವರಿಗೂ ಪರಿಹಾರ ಕೊಡಿಸೋಣ. ಒಳ್ಳೆ ಕಡೆ ವರ್ಗ ಮಾಡಿಸೋಣ..."

"ಮೂವರಲ್ಲ, ನಾಲ್ವರು."

ಸಾಹೇಬರು ಗಕ್ಕನೆ ತಿರುಗಿ, ಯಾರಾದರೂ ಕೇಳಿಸಿಕೊಂಡರೇ ಎಂದು ಜೀಪಿನ ಕಡೆ ನೋಡಿದರು.

"ನಾಲ್ಕನೆಯವಳು ಶಿಳ್ಳೆ ಕೇಳಿದ್ರೆ ಹಿಮ್ಮಡಿ ಜೋಡಿಸ್ತಿದ್ಲಂತೆ. ಅವಳು ನಮ್ಮವಳೇ ಅಲ್ವಾ ಸಾರ್?"

ಸಾಹೇಬರು ಬೆಂಚಿನ ಮೇಲಿನ ಕರವಸ್ತ್ರ ತೆಗೆದು ಮಡಚಿದರು. ಮಡಿಕೆ ಸರಿಬರಲಿಲ್ಲ. ಮತ್ತೆ ಬಿಡಿಸಿ ಮಡಚಿದರು.

"ಅವಳನ್ನ ಹುಡುಕೋಕೆ ಹೋಗ್ಬೇಡ," ಎಂದರು. "ಇದು ಬೆದರಿಕೆ ಅಲ್ಲ. ನಿನಗೆ ಪಾಠ ಹೇಳಿದ ಋಣಕ್ಕೆ ಹೇಳ್ತಿದೀನಿ. ಅವಳು ಹೇಳೋದನ್ನ ಕೇಳಿದ ಮೇಲೆ ನಿನಗೆ ನಿಲ್ಲೋಕೆ ನೆಲ ಇರಲ್ಲ."

ಜೀಪಿನ ಹತ್ತಿರ ನರ್ಸು ಚಪ್ಪಲಿ ಮೆಟ್ಟಿ ನಿಂತಿದ್ದಳು. ಮುಖ ತೊಳೆದುಕೊಂಡಿದ್ದಳು.

"ನಾಳೆ ಮ್ಯಾಜಿಸ್ಟ್ರೇಟರ ಮುಂದೆ ಹೇಳ್ತೀನಿ ಮೇಡಂ," ಎಂದಳು. "ನೆಲ, ಗಾಜು, ಶಿಳ್ಳೆ, ಎಲ್ಲಾ. ಮಿಕ್ಕಿದ್ದನ್ನೂ ಹೇಳ್ತೀನಿ. ನಾನು ಬಾಯಿ ಬಿಟ್ರೆ ಅವರಿಬ್ರೂ ಬಿಡ್ತಾರೆ."

"ನಿಮ್ಮ ಮನೆಯವರು?"

"ಅವನೇನು ಹೇಳ್ತಾನೆ?" ಅತ್ತೆ ಅಡ್ಡ ಬಾಯಿ ಹಾಕಿದಳು. "ಮಾನ ಹೋಗುತ್ತೆ ಅಂತ ರಾಗ ಎಳೆದಿದ್ದ. ಮಾನ ಹೋಗಿರೋದು ಸರ್ಕಾರದ್ದು ಕಣೋ, ನಿನ್ನ ಹೆಂಡ್ತೀದಲ್ಲ ಅಂತ ನಾಲ್ಕು ಬಿಟ್ಟೆ. ಈಗ ಸುಮ್ನೆ ಅಡುಗೆ ಮಾಡ್ತಾ ಕೂತಿದಾನೆ."

ನರ್ಸು ನಕ್ಕಳು. ಸೂಜಿ ಅವಳ ನಗು ಕಂಡದ್ದು ಅದೇ ಮೊದಲು.

ಅತ್ತೆ ಸೊಸೆಯರನ್ನು ಮನೆಗೆ ಬಿಟ್ಟು, ಮಾಸ್ತರಿಂದ ಹೇಳಿಕೆ ಪಡೆದು, ಗಾಜಿನ ಚೂರನ್ನು ಕೋರ್ಟಿನ ಸುಪರ್ದಿಗೆ ಒಪ್ಪಿಸಿದ ಮೇಲೆ ಸೂಜಿ ಆಯೋಗದ ಅಧ್ಯಕ್ಷೆಗೆ ಫೋನ್ ಮಾಡಿದಳು. ಸೂಜಿಯನ್ನು ಹಟ ಹಿಡಿದು ಈ ತನಿಖೆಗೆ ಹಾಕಿಸಿಕೊಂಡವರು ಅವರೇ. ಎಲ್ಲವನ್ನೂ ಹೇಳಿದಳು. ನಾಲ್ಕನೆಯವಳೊಬ್ಬಳಿದ್ದಾಳೆ ಎಂಬುದನ್ನೊಂದು ಬಿಟ್ಟು. ಅವಳು ಸಿಕ್ಕಿದ ಮೇಲೆಯೇ ಹೇಳಿದರಾಯಿತು ಎಂದುಕೊಂಡಳು.

"ಶಭಾಷ್," ಎಂದರು ಅಧ್ಯಕ್ಷೆ. "ಆ ನರ್ಸ್ ಈಗ ಎಲ್ಲಿದಾರೆ?"

"ಮನೆಯಲ್ಲೇ ಮೇಡಂ. ನಾಳೆ ಮ್ಯಾಜಿಸ್ಟ್ರೇಟರ ಹತ್ರ ನಾನೇ ಕರ್ಕೊಂಡು ಹೋಗ್ತೀನಿ."

"ಹುಷಾರು. ಇಂಥ ಹೊತ್ತಲ್ಲಿ ಯಾರನ್ನೂ ನಂಬೋ ಹಾಗಿಲ್ಲ."

ನಾಲ್ಕನೆಯವಳನ್ನು ಹುಡುಕುವುದು ಕಷ್ಟವಾಗಲಿಲ್ಲ. ಮೆರವಣಿಗೆಯ ಮರುದಿನದಿಂದ ಕಾಯಿಲೆ ರಜೆಯ ಮೇಲಿದ್ದ ಮಹಿಳಾ ಕಾನ್‌ಸ್ಟೇಬಲ್ ಒಬ್ಬಳೇ. ಟೈಲರ್ ಕೆಲಸ ಮಾಡುವ ತನ್ನ ಅಕ್ಕನ ಮನೆಯಲ್ಲಿದ್ದಾಳೆ ಎಂದು ಅವಳ ಗೆಳತಿಯೊಬ್ಬಳು ಹೇಳಿದಳು.

ಸಂಜೆ ಸೂಜಿ ಹೋದಾಗ ಅಕ್ಕ ಹೊಲಿಗೆ ಯಂತ್ರದ ಮುಂದಿದ್ದಳು. ಖಾಕಿ ಅಂಗಿಯೊಂದರ ಪಕ್ಕದ ಹೊಲಿಗೆ ಬಿಚ್ಚುತ್ತಿದ್ದಳು.

"ಎಲ್ಲಾ ಬಟ್ಟೆನೂ ಸಡಿಲ ಮಾಡಿಕೊಡು ಅಂತಾಳೆ ತಂಗಿ," ಎಂದಳು ಅಕ್ಕ, ಕತ್ತರಿ ನಿಲ್ಲಿಸದೆ. "ಇವಳು ನೋಡಿದ್ರೆ ದಿನದಿನಕ್ಕೂ ಇಳಿದುಹೋಗ್ತಿದಾಳೆ. ನೀವು ಯಾರು? ಇಲಾಖೆಯವರಾದ್ರೆ ಹಾಗೇ ಹೊರಡಿ."

ಒಳಗಿನಿಂದ ತಂಗಿ ಬಂದಳು. ಸೂಜಿಯನ್ನು ಕಂಡೊಡನೆ ಅವಳ ಹಿಮ್ಮಡಿಗಳು ಕೂಡಿಕೊಂಡವು. ಬರಿಗಾಲು, ಆದರೂ ಸದ್ದು ಕೇಳಿಸಿತು. ಕೂಡಿಕೊಂಡದ್ದು ಅವಳಿಗೇ ತಿಳಿದು, ಅಲ್ಲೇ ಅಳತೊಡಗಿದಳು.

ಸೂಜಿ ನೆಲದ ಮೇಲೆ ಕೂತಳು. ಅವಳೂ ಕೂರುವವರೆಗೆ ಕಾದಳು.

"ಆ ಗಾಜು ಕೆರೀತಿದ್ದ ನರ್ಸಕ್ಕ ಹೇಗಿದಾಳೆ?" ಎಂಬುದು ಅವಳ ಮೊದಲ ಮಾತು.

"ನಾಳೆ ಕೋರ್ಟಲ್ಲಿ ಹೇಳಿಕೆ ಕೊಡ್ತಾಳೆ."

ಕಾನ್‌ಸ್ಟೇಬಲ್ ಕಣ್ಣೊರೆಸಿಕೊಂಡಳು. "ಹಾಗಾದ್ರೆ ನಾನೂ ಕೊಡ್ತೀನಿ."

ಅವಳು ಹೇಳುತ್ತ ಹೋದಳು. ಮಫ್ತಿಯಲ್ಲಿ ಮೆರವಣಿಗೆಯೊಳಗೆ ಸೇರಿಕೊಂಡು ಯಾರು ಏನು ಮಾತಾಡುತ್ತಾರೆಂದು ಕೇಳಿಸಿಕೊಂಡು ಬಾ ಎಂದು ಕಳಿಸಿದ್ದರು. ಲಾಠಿ ಬೀಸಿದಾಗ ಅವಳನ್ನೂ ಎತ್ತಿ ವ್ಯಾನಿಗೆ ಹಾಕಿದರು.

"ನಂಗೆ ನಗು ಬಂತು ಮೇಡಂ. ಇಳಿದ ಮೇಲೆ ಹೇಳಿದ್ರಾಯ್ತು ಅಂದ್ಕೊಂಡೆ. ಆಮೇಲೆ ಆ ಕೋಣೆ. ಅವರ ಮುಂದೆ ಹೇಳೋಕೆ ನಾಚಿಕೆ ಆಯ್ತು. ಕದ್ದು ಕೇಳೋಕೆ ಬಂದವಳು ಅಂತ ಗೊತ್ತಾಗಿಬಿಡುತ್ತಲ್ಲ? ಕೊನೆಗೆ ತಡೀಲಾರದೆ ಬಾಗಿಲ ಸಂದಿಗೆ ಬಾಯಿಟ್ಟು ಪಿಸುಗುಟ್ಟಿದೆ, ನಾನು ನಿಮ್ಮವಳೇ ಅಂತ."

"ಹೊರಗೆ ಕರೆದ್ರು."

"ಹೂಂ. ಅಲ್ಲಿದ್ದ ಎಸ್‌ಐ ನಂಬಿದ್ರು. ಮೇಲಿನವರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದ್ರು. ಒಬ್ಬಳು ನಮ್ಮವಳಂತೆ, ಏನು ಮಾಡ್ಲಿ ಅಂತ ಕೇಳಿದ್ರು." ಅವಳು ಅಕ್ಕನ ಕಡೆ ನೋಡಿದಳು. ಅಕ್ಕ ಕತ್ತರಿ ಕೆಳಗಿಟ್ಟಿದ್ದಳು. "ಈಗ ಹೊರಗೆ ಬಿಟ್ರೆ ಸಾಕ್ಷಿ ಆಗ್ತಾಳೆ, ಒಳಗೇ ಹಾಕಿ, ಎಲ್ಲರ ಹಾಗೇ ಇರ್ಲಿ. ಅಷ್ಟೇ ಹೇಳಿದ್ದು. ಎಲ್ಲರ ಹಾಗೇ."

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಸಾಹೇಬರಾ?" ಎಂದಳು ಸೂಜಿ.

"ಗಂಡಸ್ರ ದನಿ ಅಲ್ಲ ಮೇಡಂ. ಹೆಂಗಸರದ್ದು. ಮೆತ್ತಗೆ, ಮಗೂನ ಮಲಗಿಸೋ ಹಾಗೆ. ಯಾರು ಅಂತ ಗೊತ್ತಾಗಿರ್ಲಿಲ್ಲ. ಆಮೇಲೊಂದು ದಿನ ಅಕ್ಕ ಟೀವಿ ಹಾಕಿದ್ಲು. ಅದೇ ದನಿ. ಈ ಹೆಣ್ಮಕ್ಕಳಿಗೆ ನ್ಯಾಯ ಸಿಗೋವರೆಗೆ ನಾನು ಸುಮ್ನೆ ಕೂರಲ್ಲ ಅಂತಿತ್ತು. ಪಕ್ಕದಲ್ಲಿ ನೀವು ನಿಂತಿದ್ರಿ."

ಅವತ್ತು ಟೀವಿಯಲ್ಲಿ ಸೂಜಿಯ ಪಕ್ಕ ನಿಂತು ಮಾತಾಡಿದ್ದವರು ಅಧ್ಯಕ್ಷೆ. ಆಯೋಗಕ್ಕೆ ಬರುವ ಮೊದಲು, ಮೆರವಣಿಗೆಯ ದಿನವೂ, ಅವರು ಗೃಹ ಇಲಾಖೆಯ ಕಾರ್ಯದರ್ಶಿಯಾಗಿದ್ದರು. ಇಲಾಖೆಯ ಒಳಹೊರಗು ಬಲ್ಲವರು ಸಿಕ್ಕಿದ್ದು ಅದೃಷ್ಟ ಎಂದು ಸೂಜಿ ತಾನೇ ಆ ನರ್ಸಿನ ಮನೆಯಲ್ಲಿ ಕೂತು ಹೊಗಳಿದ್ದಳು.

ಕಾನ್‌ಸ್ಟೇಬಲ್ ಇನ್ನೂ ಏನೋ ಹೇಳುತ್ತಿದ್ದಳು. ಸೂಜಿಗೆ ಕೇಳಿಸಲಿಲ್ಲ. ಫೋನ್ ತೆಗೆದು ನರ್ಸಿನ ಮನೆಗೆ ಹಚ್ಚಿದಳು. ಎತ್ತಿದ್ದು ಅತ್ತೆ.

"ಅಮ್ಮಾ, ಸೊಸೆಗೆ ಫೋನ್ ಕೊಡಿ."

"ಅವಳೆಲ್ಲಿ ಇಲ್ಲಿದಾಳೆ? ಈಗಷ್ಟೇ ಹೋದ್ಲಲ್ಲ. ನಿಮ್ಮ ಅಧ್ಯಕ್ಷಮ್ಮ ತಾವೇ ಕಾರು ತಗೊಂಡು ಬಂದಿದ್ರು. ಎಷ್ಟು ಮೆದು ಮಾತಮ್ಮ ಅವರದು! ಕೋರ್ಟಿಗೆ ಹೋಗೋವರೆಗೆ ಭದ್ರವಾಗಿರೋ ಜಾಗದಲ್ಲಿ ಇಡ್ತೀವಿ, ನೀನೇ ಹೇಳಿ ಕಳಿಸಿದ್ದು ಅಂದ್ರು. ನಾನೂ ಬರ್ತೀನಿ ಅಂತ ಹತ್ತೋಕೆ ಹೋದೆ. ಜಾಗ ಇಲ್ಲ ಅಂದ್ರು, ಹಿಂದಿನ ಸೀಟಲ್ಲಿ ಇಬ್ಬರು ಗಂಡಸ್ರು ಕೂತಿದ್ರು."

ಸೂಜಿ ಫೋನ್ ಕಿವಿಗೊತ್ತಿಕೊಂಡೇ ಜೀಪಿನ ಕೀ ಹುಡುಕತೊಡಗಿದಳು.

"ಯಾಕಮ್ಮ ಸುಮ್ನಾದೆ?" ಅತ್ತೆಯ ದನಿ ಮೊದಲ ಸಲ ನಡುಗಿತು. "ಅವರು ನಿಮ್ಮವರೇ ತಾನೆ?"